ಕ್ರಾಸ್‌ಕಂಟ್ರಿ ಮೈದಾನದಲ್ಲಿ ಕುದುರೆ ಕೈ ಮೀರುತ್ತಿದೆಯಾ? ಲಕ್ಷಣ ಹಿಡಿದು ಕಾರಣ ಹುಡುಕುವ ಬಗೆ

ಅರೀನಾ (ಬೇಲಿ ಹಾಕಿದ ಅಭ್ಯಾಸದ ಅಂಗಳ) ಒಳಗೆ ಹೇಳಿದ ಮಾತು ಕೇಳುವ ಕುದುರೆ. ಅದೇ ಕುದುರೆ ಕ್ರಾಸ್‌ಕಂಟ್ರಿ ಮೈದಾನಕ್ಕೆ, ಅಂದರೆ ದಿಮ್ಮಿ, ನೀರು, ದಿಬ್ಬ ದಾಟಿಸುವ ಬಯಲಿಗೆ, ಕಾಲಿಟ್ಟ ಕೂಡಲೇ ಬೇರೆಯೇ ಪ್ರಾಣಿ. ಕತ್ತು ಮೇಲೆ, ಬಾಲ ಮೇಲೆ, ಮೈಯೆಲ್ಲ ಬೆವರು. ಮರದ ದಿಮ್ಮಿ ಕಂಡರೆ ಸಾಕು, ಲಗಾಮು ಕಿತ್ತುಕೊಂಡು ನುಗ್ಗುತ್ತದೆ. ಮೇಲೆ ಕೂತವರ ತೋಳು ಸೋತು ಹೋಗುತ್ತದೆ.

ಬೆಂಗಳೂರು, ಮೈಸೂರು ಕಡೆ ಸವಾರಿ ಕಲಿಯುವವರಿಗೆ ಇದು ಚೆನ್ನಾಗಿ ಗೊತ್ತು. ಇಲ್ಲಿ ನಮ್ಮ ಕೈಗೆ ಸಿಗುವ ಕುದುರೆಗಳಲ್ಲಿ ಎಷ್ಟೋ ರೇಸ್ ಬಿಟ್ಟು ಬಂದ, ಓಟಕ್ಕೆಂದೇ ಬೆಳೆಸಿದ ತಳಿಯ ಥರೋಬ್ರೆಡ್‌ಗಳು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಈವೆಂಟಿಂಗ್‌ನಲ್ಲಿ (ಕ್ರಾಸ್‌ಕಂಟ್ರಿಯೂ ಸೇರಿದ ಕುದುರೆ ಸವಾರಿ ಸ್ಪರ್ಧೆ) ಎರಡು ಬೆಳ್ಳಿ ಪದಕ ತಂದರಲ್ವಾ, ನಾನು ಈ ಆಟದ ಕಡೆ ತಿರುಗಿದ್ದು ಆಗಲೇ. ನನಗೆ ಸಿಕ್ಕಿದ್ದೂ ರೇಸ್‌ನಿಂದ ಬಂದ ಒಂದು ಕಂದು ಗಂಡು ಕುದುರೆ. ಮೂರು ತಿಂಗಳು ನಾನು ಒಂದಾದ ಮೇಲೊಂದು ಬಿಟ್ (ಲಗಾಮಿಗೆ ಸೇರಿದ, ಕುದುರೆಯ ಬಾಯೊಳಗಿನ ಲೋಹದ ತುಂಡು) ಬದಲಿಸಿದೆ. ಪ್ರತಿ ಸಲ ಹಿಂದಿನದಕ್ಕಿಂತ ಬಿಗಿಯಾದದ್ದು. ಕೊನೆಗೆ ಒಂದು ಮಂಗಳವಾರ ಅದು ದಿಮ್ಮಿಗೆ ಬಹಳ ದೂರದಿಂದಲೇ ಹಾರಿತು. ನಾನು ಬಿದ್ದು ಕಾಲರ್ ಮೂಳೆ ಮುರಿದುಕೊಂಡೆ.

ಕಾರಣ ತೋರಿಸಿಕೊಟ್ಟಿದ್ದು ಲಾಯದ ಹಿರಿಯ ಸೈಸ್ (ಕುದುರೆ ನೋಡಿಕೊಳ್ಳುವವರು). "ಮೇಡಂ, ಇದು ಬೇರೆ ದಿನ ಇಷ್ಟು ಕುಣಿಯಲ್ಲ. ಮಂಗಳವಾರ ಮಾತ್ರ. ಸೋಮವಾರ ರಜೆ, ಆದರೆ ಕಾಳು ಪೂರ್ತಿ ಹಾಕ್ತಾರೆ ನೋಡಿ" ಅಂದರು. ಅಷ್ಟೇ. ಮೂರು ತಿಂಗಳು ನಾನು ಅದರ ಬಾಯಲ್ಲಿ ಹುಡುಕುತ್ತಿದ್ದ ಕಾರಣ ಮೇವಿನ ತೊಟ್ಟಿಯಲ್ಲಿತ್ತು.

ಹಾಗಾಗಿ ಈ ಬರಹದಲ್ಲಿ ಬಿಟ್ ಕೊನೆಗೆ ಬರುತ್ತದೆ. ಖರ್ಚಿಲ್ಲದ ಪರೀಕ್ಷೆಗಳು ಮೊದಲು.

ಶುರುವಿಗೆ ಒಂದು ನೋಟ್‌ಬುಕ್

ಎರಡು ವಾರ ಬರೆದಿಡಿ. ವಾರದ ಯಾವ ದಿನ, ಹಿಂದಿನ ದಿನ ಎಷ್ಟು ಕೆಲಸ, ಎಷ್ಟು ಕಾಳು, ಎಷ್ಟು ಹುಲ್ಲು, ಗಾಳಿ ಇತ್ತಾ, ಜೊತೆಗೆ ಯಾವ ಕುದುರೆ ಇತ್ತು, ಕುಣಿತ ಶುರುವಾದದ್ದು ಎಲ್ಲಿ. "ಎಲ್ಲಿ" ಅನ್ನುವುದು ಬಹಳ ಮುಖ್ಯ. ಲಾಯದ ಬಾಗಿಲಲ್ಲೇ ಶುರುವಾದರೆ ಒಂದು ಕಾರಣ. ಮೈದಾನದ ಗೇಟಿನಲ್ಲಿ ಶುರುವಾದರೆ ಇನ್ನೊಂದು. ಮೊದಲ ಜಂಪ್ ಆದ ಮೇಲೆ ಶುರುವಾದರೆ ಮತ್ತೊಂದು. ಹೆಣ್ಣು ಕುದುರೆಯಾದರೆ ಎರಡು ವಾರಕ್ಕೆ ನಿಲ್ಲಿಸದೆ, ದಿನಾಂಕ ತಪ್ಪದೆ ಬರೆಯುತ್ತಾ ಹೋಗಿ. ಬೆದೆಯ ಚಕ್ರ ಸುಮಾರು 21 ದಿನದ್ದು. ತೊಂದರೆ ಮೂರು ವಾರಕ್ಕೊಮ್ಮೆ ಮರಳಿ ಬರುತ್ತಿದ್ದರೆ ಪುಸ್ತಕವೇ ಅದನ್ನು ತೋರಿಸುತ್ತದೆ. ಆ ಪುಟ ಹಿಡಿದು ಪಶುವೈದ್ಯರ ಹತ್ತಿರ ಮಾತಾಡಬಹುದು.

ಇವತ್ತು ಹತ್ತುವುದೇ ಬೇಡ ಅನ್ನುವ ಲಕ್ಷಣಗಳು

ಕುಣಿಯುವ ಕುದುರೆಗೂ ನೋವಿನಲ್ಲಿರುವ ಕುದುರೆಗೂ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಬೆವರುತ್ತವೆ, ಎರಡೂ ನಿಂತಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಹತ್ತುವ ಮೊದಲು ಐದು ನಿಮಿಷ ಕೊಡಿ.

ದವಡೆಯ ಕೆಳಗೆ ಬೆರಳಿಟ್ಟರೆ ನಾಡಿ ಸಿಗುತ್ತದೆ. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿ. ಲಾಯದಲ್ಲಿ ಸುಮ್ನೆ ನಿಂತಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಉಸಿರು 8ರಿಂದ 16. ಮೈ ಬಿಸಿ ಸುಮಾರು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಶಾಂತವಾಗಿ ನಿಂತಿದ್ದರೂ ನಾಡಿ 60 ದಾಟಿದೆ, ಹೊಟ್ಟೆ ಕಡೆ ತಿರುಗಿ ತಿರುಗಿ ನೋಡುತ್ತಿದೆ, ಕಾಲಿನಿಂದ ನೆಲ ಕೆರೆಯುತ್ತಿದೆ, ಮೇವು ಮುಟ್ಟಿಲ್ಲ ಅಂದರೆ ಅದು ಉತ್ಸಾಹ ಅಲ್ಲ. ಹೊಟ್ಟೆ ನೋವು ಇರಬಹುದು. ಸ್ಯಾಡಲ್ ಕೆಳಗಿಡಿ, ಪಶುವೈದ್ಯರಿಗೆ ಫೋನ್ ಮಾಡಿ.

ಹಗ್ಗ ಕೈಯಲ್ಲಿ ಹಿಡಿದು ಟ್ರಾಟ್‌ನಲ್ಲಿ (ನಡಿಗೆಗಿಂತ ಬೇಗದ ಹಗುರ ಓಟ) ಓಡಿಸಿ ನೋಡಿ. ಒಂದು ಹೆಜ್ಜೆಗೆ ತಲೆ ಮೇಲೆ ಕೆಳಗೆ ಆಡುತ್ತಿದ್ದರೆ ಕುಂಟು ಇದೆ. ಗೊರಸಿನಲ್ಲಿ ಕಲ್ಲು ಸಿಕ್ಕಿದೆಯಾ, ಲಾಳ ಸಡಿಲವಾಗಿದೆಯಾ, ಒಂದು ಗೊರಸು ಮಾತ್ರ ಬಿಸಿಯಾಗಿದೆಯಾ ನೋಡಿ.

ನಿಮ್ಮ ಕಡೆಯಿಂದ: ಹೆಲ್ಮೆಟ್, ಬಾಡಿ ಪ್ರೊಟೆಕ್ಟರ್ ಎರಡೂ ಇಲ್ಲದೆ ಈ ಜಂಪ್‌ಗಳ ಹತ್ತಿರ ಹೋಗಬೇಡಿ. ಷೋಜಂಪಿಂಗ್‌ನ ಕೋಲು ತಗುಲಿದರೆ ಬೀಳುತ್ತದೆ. ಕ್ರಾಸ್‌ಕಂಟ್ರಿಯ ದಿಮ್ಮಿ ಬೀಳುವುದಿಲ್ಲ, ಕುದುರೆಯೇ ಮಗುಚುತ್ತದೆ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಮೈದಾನದಲ್ಲಿ ಒಬ್ಬರೇ ಇರಬೇಡಿ. ಫೋನ್ ಇರುವ ಇನ್ನೊಬ್ಬರು ಕಣ್ಣಿಗೆ ಕಾಣುವಷ್ಟು ಹತ್ತಿರ ಇರಲಿ.

ಲಕ್ಷಣ: ಲಾಯದಿಂದ ಹೊರಗೆ ಬರುವಾಗಲೇ ಕುಣಿತ

ಇದು ಎಲ್ಲಕ್ಕಿಂತ ಸುಲಭವಾಗಿ ಸರಿಹೋಗುವ ದೋಷ. ಎರಡೇ ಪ್ರಶ್ನೆ. ಎಷ್ಟು ಕಾಳು ಒಳಗೆ ಹೋಗುತ್ತಿದೆ? ದಿನಕ್ಕೆ ಎಷ್ಟು ಹೊತ್ತು ಲಾಯದಿಂದ ಹೊರಗಿದೆ?

ರೇಸ್ ಕುದುರೆಗೆ ಕೊಡುವಷ್ಟು ಓಟ್ಸ್, ಬಾರ್ಲಿಯನ್ನು ವಾರಕ್ಕೆ ನಾಲ್ಕು ದಿನ, ಒಂದೊಂದು ಗಂಟೆ ಕೆಲಸ ಮಾಡುವ ಕುದುರೆಗೆ ಕೊಟ್ಟರೆ ಆ ಶಕ್ತಿ ಎಲ್ಲಿಗೆ ಹೋಗಬೇಕು? ಅದು ಕಾಲಿಗೇ ಇಳಿಯುತ್ತದೆ. 500 ಕಿಲೋ ತೂಗುವ ಕುದುರೆಗೆ ದಿನಕ್ಕೆ 8ರಿಂದ 10 ಕಿಲೋ ಒಣಹುಲ್ಲು ಬೇಕು. ಅದೇ ಊಟ. ಓಟ್ಸ್, ಬಾರ್ಲಿ, ಹುರುಳಿ, ಬೂಸಾ ಎಲ್ಲ ಅದರ ಮೇಲಿನ ಒಗ್ಗರಣೆ ಅಂತ ಎಣಿಸಿ. ಒಂದು ಹೊತ್ತಿಗೆ ಕಾಳು 2 ಕಿಲೋ ದಾಟುವುದು ಬೇಡ. ಅನೇಕ ಕಡೆ ಲೆಕ್ಕ ತಲೆಕೆಳಗಾಗಿದೆ. ಹುಲ್ಲಿಗೆ ದುಡ್ಡು ಜಾಸ್ತಿ, ಸಾಗಿಸುವುದೂ ಕಷ್ಟ, ಹಾಗಾಗಿ ಕಾಳಿನಲ್ಲೇ ಹೊಟ್ಟೆ ತುಂಬಿಸುತ್ತಾರೆ. ಇದರಿಂದ ಕುದುರೆಗೆ ಆಗುವ ಕಷ್ಟ ನನಗೆ ನಿಜವಾಗಿಯೂ ಸಂಕಟ ತರುತ್ತದೆ. ದಿನವಿಡೀ ಮೇಯುತ್ತಾ ನಡೆಯಬೇಕಾದ ಪ್ರಾಣಿ ಅದು.

ರಜೆಯ ದಿನ ಕಾಳು ಅರ್ಧಕ್ಕೆ ಇಳಿಸಿ, ಹುಲ್ಲು ಹೆಚ್ಚಿಸಿ. ಇದು ಕುಣಿತದ ಮಾತು ಮಾತ್ರ ಅಲ್ಲ. ರಜೆಯ ದಿನ ಪೂರ್ತಿ ಕಾಳು ತಿಂದು ಮಾರನೆಯ ದಿನ ಕೆಲಸಕ್ಕೆ ಹೋದ ಕುದುರೆಯ ಮಾಂಸಖಂಡ ಬಿಗಿದುಕೊಳ್ಳುವ ಒಂದು ಕಾಯಿಲೆ ಇದೆ. ಗಾಡಿ ಎಳೆಯುವ ಕುದುರೆಗಳ ಕಾಲದಲ್ಲಿ, ಭಾನುವಾರದ ರಜೆಯ ನಂತರ ಬರುತ್ತಿದ್ದರಿಂದ, ಅದನ್ನು ಸೋಮವಾರದ ಕಾಯಿಲೆ ಅಂತಲೇ ಕರೆಯುತ್ತಿದ್ದರು. ಹಿಂಗಾಲಿನ ತೊಡೆ ಕಲ್ಲಿನ ಹಾಗೆ ಗಟ್ಟಿ, ಹೆಜ್ಜೆ ಇಡಲು ಹಿಂಜರಿಕೆ, ವಿಪರೀತ ಬೆವರು, ಕಾಫಿ ಬಣ್ಣದ ಮೂತ್ರ. ಇದು ಕಂಡರೆ ಕುದುರೆಯನ್ನು ಒಂದು ಹೆಜ್ಜೆಯೂ ನಡೆಸಬೇಡಿ. ನಿಂತಲ್ಲೇ ನಿಲ್ಲಿಸಿ, ನೀರು ಮುಂದಿಟ್ಟು, ತಕ್ಷಣ ಪಶುವೈದ್ಯರನ್ನು ಕರೆಯಿರಿ. ನಡೆಸಿದರೆ ಸಡಿಲವಾಗುತ್ತದೆ ಅಂತ ಪಕ್ಕದವರು ಹೇಳಬಹುದು. ನಡೆಸಿದರೆ ಹಾನಿ ಹೆಚ್ಚು.

ಇನ್ನು ಹೊರಗೆ ಬಿಡುವ ಮಾತು. ದಿನಕ್ಕೆ 23 ಗಂಟೆ ನಾಲ್ಕು ಗೋಡೆ ನಡುವೆ ನಿಂತ ಕುದುರೆ ಮೈದಾನ ಕಂಡಾಗ ಹಾರದೆ ಇನ್ನೇನು ಮಾಡೀತು? ನಗರದೊಳಗಿನ ಲಾಯಗಳಲ್ಲಿ ಪ್ಯಾಡಕ್ (ಕುದುರೆ ಬಿಡುವ ಬೇಲಿಯೊಳಗಿನ ಬಯಲು) ಕಡಿಮೆ, ಗೊತ್ತು. ಆದರೂ ಬೆಳಿಗ್ಗೆ ಒಂದು ಗಂಟೆ ಬಿಡುವುದು, ಸಂಜೆ ಕೈ ಹಿಡಿದು ಅರ್ಧ ಗಂಟೆ ಹುಲ್ಲು ಮೇಯಿಸುವುದು ಎಲ್ಲಾದರೂ ಆಗುತ್ತದೆ. ಮೂರು ವಾರ ಮಾಡಿ ನೋಡಿ. ನನ್ನ ಕುದುರೆಯ ತೊಂದರೆಯಲ್ಲಿ ಅರ್ಧ ಭಾಗ ಇಲ್ಲೇ ಕರಗಿತು.

ಹತ್ತುವ ಮೊದಲು ಲಂಜ್ ಮಾಡಿ (ಉದ್ದ ಹಗ್ಗದಲ್ಲಿ ಸುತ್ತ ಓಡಿಸಿ) ಸುಸ್ತು ಮಾಡಿಸುವುದು ಅನೇಕರ ಅಭ್ಯಾಸ. ಹತ್ತು ನಿಮಿಷ ಸಾಕು, ಅದೂ ಮೈ ಸಡಿಲವಾಗಲಿ ಅಂತ. ದಿನಾ ಅರ್ಧ ಗಂಟೆ ಸುತ್ತಿಸಿದರೆ ಕೀಲಿಗೆ ಪೆಟ್ಟು, ಜೊತೆಗೆ ಕುದುರೆಯ ದಮ್ಮೂ ಬೆಳೆಯುತ್ತದೆ. ಮುಂದಿನ ತಿಂಗಳು ಅದೇ ಕುದುರೆಯನ್ನು ಸುಸ್ತು ಮಾಡಿಸಲು ಒಂದು ಗಂಟೆ ಬೇಕಾಗುತ್ತದೆ.

ಲಕ್ಷಣ: ಸ್ಯಾಡಲ್ ಕಂಡರೆ ಕಿವಿ ಹಿಂದಕ್ಕೆ, ಗರ್ತ್ (ಸ್ಯಾಡಲ್ ಕಟ್ಟುವ ಹೊಟ್ಟೆಪಟ್ಟಿ) ಬಿಗಿಯುವಾಗ ಕಚ್ಚಲು ಬರುವುದು

ಇದನ್ನು ಮೊಂಡುತನ ಅಂತ ತಳ್ಳಿ ಹಾಕಬೇಡಿ. ನೋವಿನಿಂದ ಓಡುವ ಕುದುರೆಯೂ ಉತ್ಸಾಹದಿಂದ ಓಡುವ ಕುದುರೆಯ ಹಾಗೆಯೇ ಕಾಣುತ್ತದೆ. ಅದು ಜಂಪ್ ಕಡೆಗೆ ಓಡುತ್ತಿರುವುದಿಲ್ಲ, ಬೆನ್ನಿನ ಮೇಲಿರುವುದರಿಂದ ತಪ್ಪಿಸಿಕೊಳ್ಳಲು ಓಡುತ್ತಿರುತ್ತದೆ.

ಖರ್ಚಿಲ್ಲದ ಪರೀಕ್ಷೆ: ಸವಾರ ಕೂತ ಮೇಲೆ ಸ್ಯಾಡಲ್‌ನ ಮುಂಭಾಗಕ್ಕೂ ಅದರ ಕೆಳಗೆ ಹೆಗಲ ಮೇಲೆ ಉಬ್ಬಿರುವ ಮೂಳೆಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಕೆಲಸ ಮುಗಿದು ಸ್ಯಾಡಲ್ ತೆಗೆದಾಗ ಬೆವರಿನ ಗುರುತು ನೋಡಿ. ಎಲ್ಲ ಕಡೆ ಒದ್ದೆ, ನಡುವೆ ಒಂದು ಅಂಗೈ ಅಗಲ ಮಾತ್ರ ಒಣಗಿದ್ದರೆ ಅಲ್ಲಿ ವಿಪರೀತ ಒತ್ತಡ ಬೀಳುತ್ತಿರಬಹುದು. ಬಿಳಿ ಕೂದಲು ಬಂದಿದ್ದರೆ ಅದು ಹಳೆಯ ಗಾಯದ ಗುರುತು. ಬೆನ್ನುಮೂಳೆಯ ಎರಡೂ ಬದಿ ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಹೋಗಿ. ಬೆನ್ನು ತಟ್ಟನೆ ಕುಗ್ಗಿದರೆ ನೋವಿದೆ. ರೇಸ್ ಬಿಟ್ಟ ಮೇಲೆ ಕುದುರೆಯ ಮೈ ಬಹಳ ಬದಲಾಗುತ್ತದೆ, ಬೆನ್ನಿನ ಮೇಲೆ ಮಾಂಸ ತುಂಬುತ್ತದೆ. ಬಂದಾಗ ಸರಿಯಾಗಿದ್ದ ಸ್ಯಾಡಲ್ ಆರು ತಿಂಗಳಿಗೆ ಕಚ್ಚಬಹುದು.

ಮುಂದಿನದು ಹೊಟ್ಟೆ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ಜಗಿಯುವಾಗ ಬರುವ ಜೊಲ್ಲೇ ಅದಕ್ಕೆ ಮದ್ದು. ಜಗಿಯಲು ಹುಲ್ಲಿಲ್ಲದಿದ್ದರೆ ಜೊಲ್ಲೂ ಇಲ್ಲ. ಖಾಲಿ ಹೊಟ್ಟೆಯಲ್ಲಿ ಕ್ಯಾಂಟರ್ (ಟ್ರಾಟ್‌ಗಿಂತ ಬೇಗದ ಓಟ) ಮಾಡಿದರೆ ಆಮ್ಲ ಮೇಲಕ್ಕೆ ಚಿಮ್ಮಿ, ರಕ್ಷಣೆಯಿಲ್ಲದ ಮೇಲುಭಾಗವನ್ನು ಸುಡುತ್ತದೆ. ರೇಸ್ ಕುದುರೆಗಳಲ್ಲಿ ಹೊಟ್ಟೆಯ ಹುಣ್ಣು ಬಹಳ ಸಾಮಾನ್ಯ. ಸವಾರಿಗೆ ಅರ್ಧ ಗಂಟೆ ಮೊದಲು ಒಂದು ಸಣ್ಣ ಬುಟ್ಟಿ ಒಣಹುಲ್ಲು ಅಥವಾ ಕತ್ತರಿಸಿದ ಕುದುರೆಮಸಾಲೆ ಸೊಪ್ಪು ಕೊಡಿ. ಅದು ಆಮ್ಲದ ಮೇಲೆ ಚಾಪೆಯ ಹಾಗೆ ಕೂರುತ್ತದೆ. ಇಷ್ಟಕ್ಕೇ ಕುದುರೆ ಹಗುರಾದರೆ ಹುಣ್ಣಿನ ಅನುಮಾನ ಬಲವಾಗುತ್ತದೆ. ಖಾತ್ರಿಯಾಗಬೇಕಾದರೆ ಎಂಡೋಸ್ಕೋಪಿ ಬೇಕು. ಔಷಧಿಯನ್ನು ಅಂದಾಜಿನಲ್ಲಿ ಕೊಡಬೇಡಿ.

ಹಲ್ಲು ನೋಡಿಸಿದ್ದು ಯಾವಾಗ? ವರ್ಷ ದಾಟಿದ್ದರೆ ನೋಡಿಸಿ. ಚೂಪಾದ ಹಲ್ಲು ಕೆನ್ನೆಯ ಒಳಗೆ ಕೊರೆಯುತ್ತಿದ್ದರೆ ನೀವು ಲಗಾಮು ಹಿಡಿದಷ್ಟೂ ಅದು ತಲೆ ಎತ್ತಿ ಓಡುತ್ತದೆ.

ಲಕ್ಷಣ: ಗೇಟು ದಾಟಿದ ಕೂಡಲೇ ಬೆವರು, ನಡೆಯಲು ಹೇಳಿದರೆ ನಿಂತಲ್ಲೇ ಕುಣಿತ

ಲಾಯದಲ್ಲಿ ಸರಿ, ಸ್ಯಾಡಲ್ ಹಾಕುವಾಗ ಸರಿ, ದಾರಿಯಲ್ಲೂ ಸರಿ. ಗೇಟು ಕಂಡಾಗ ಮಾತ್ರ ಹೀಗಾದರೆ ಅದು ನೆನಪಿನ ತೊಂದರೆ. ಈ ಗೇಟಿನ ಆಚೆ ಓಡುವುದು ಬಿಟ್ಟು ಬೇರೇನೂ ನಡೆದಿಲ್ಲ ಅಂತ ಕುದುರೆ ಕಲಿತುಬಿಟ್ಟಿದೆ. ಕಲಿಸಿದ್ದು ನಾವೇ. ವಾರಕ್ಕೊಮ್ಮೆ ಮೈದಾನಕ್ಕೆ ಬಂದು, ಬಂದ ಕೂಡಲೇ ಜಿಗಿಸಿ, ಬೆವರಿಳಿಸಿ ವಾಪಸ್ ಕರೆದುಕೊಂಡು ಹೋದರೆ ಅದು ಇನ್ನೇನು ಅಂದುಕೊಳ್ಳಬೇಕು?

ಪರಿಹಾರ ನಿಧಾನದ್ದು, ಆದರೆ ಕಷ್ಟದ್ದಲ್ಲ. ಮೈದಾನಕ್ಕೆ ಹೋಗಿ, ಜಿಗಿಯದೆ ವಾಪಸ್ ಬನ್ನಿ. ಒಂದು ದಿನ ಕೈ ಹಿಡಿದು ಒಳಗೆಲ್ಲ ಸುತ್ತಿಸಿ, ದಿಮ್ಮಿಯ ಪಕ್ಕ ನಿಲ್ಲಿಸಿ ಹುಲ್ಲು ಮೇಯಿಸಿ. ಇನ್ನೊಂದು ದಿನ ಹತ್ತಿ ನಡೆಸಿ, ಜಂಪ್‌ಗಳ ನಡುವೆ ಎಂಟರ ಆಕಾರದಲ್ಲಿ ತಿರುಗಿಸಿ. ನಾನು ಲೆಕ್ಕ ಇಟ್ಟುಕೊಂಡಿದ್ದೆ. ಮೂರು ಸಲ ಸುಮ್ನೆ ಹೋಗಿ ಬಂದರೆ ಒಂದು ಸಲ ಜಿಗಿಯುವುದು.

ನಿಂತಲ್ಲೇ ಕುಣಿಯುವಾಗ ಲಗಾಮು ಬಿಗಿಹಿಡಿದು ನಿಲ್ಲಿಸಲು ನೋಡಬೇಡಿ. ಮುಂದೆ ದಾರಿ ಮುಚ್ಚಿದರೆ ಕುದುರೆ ಮೇಲಕ್ಕೆ ದಾರಿ ಹುಡುಕುತ್ತದೆ. ಮುಂಗಾಲು ಎತ್ತಿ ನಿಂತರೆ ಸವಾರನ ಮೇಲೇ ಹಿಂದಕ್ಕೆ ಬೀಳುವ ಅಪಾಯ. ಹಾಗೆ ಎತ್ತಿದ ಕ್ಷಣ ಲಗಾಮು ಸಡಿಲ ಬಿಡಿ, ಮುಂದಕ್ಕೆ ಬಾಗಿ ಕುತ್ತಿಗೆ ಹಿಡಿಯಿರಿ. ಮುಂಗಾಲು ನೆಲಕ್ಕೆ ಬಂದ ಮೇಲೆ ಅವತ್ತಿನ ಪಾಠ ಮುಗಿಸಿ. ಎರಡನೆಯ ಸಲ ಹೀಗಾದರೆ ಅನುಭವಿ ಕೋಚ್ ಇಲ್ಲದೆ ಆ ಕುದುರೆಯ ಮೇಲೆ ಹತ್ತಬೇಡಿ. ಬರೀ ಕುಣಿತವಾದರೆ 20 ಮೀಟರ್ ಅಗಲದ ದುಂಡು ಸುತ್ತು, ಒಳಗೆ ಹೊರಗೆ ಬಾಗಿಸುವುದು, ಪಕ್ಕಕ್ಕೆ ಎರಡು ಹೆಜ್ಜೆ ಇಡಿಸುವುದು, ಇಂಥ ಕೆಲಸ ಕೊಡಿ. ಕಾಲಿಗೆ ಕೆಲಸ ಸಿಕ್ಕರೆ ತಲೆಗೂ ಕೆಲಸ ಸಿಗುತ್ತದೆ.

ನಿಮ್ಮ ಉಸಿರನ್ನೂ ಗಮನಿಸಿ. ಹೆದರಿದಾಗ ನಾವು ಉಸಿರು ಕಟ್ಟುತ್ತೇವೆ, ತೊಡೆ ಬಿಗಿಯುತ್ತೇವೆ. ಬೆನ್ನಿನ ಮೇಲೆ ಅದು ಕುದುರೆಗೆ ನೇರವಾಗಿ ತಾಗುತ್ತದೆ. ಜೋರಾಗಿ ಎಣಿಸಿ, ಹಾಡು ಹೇಳಿ, ಏನಾದರೂ ಮಾಡಿ. ಬಾಯಿ ಆಡುತ್ತಿದ್ದರೆ ಉಸಿರು ಕಟ್ಟುವುದಿಲ್ಲ.

ಲಕ್ಷಣ: ಜಂಪ್ ಕಂಡ ಕೂಡಲೇ ನುಗ್ಗುವುದು

ಎಲ್ಲರೂ ಕೇಳುವ ಪ್ರಶ್ನೆ ಇದು. ಎಲ್ಲರೂ ತಪ್ಪು ಮಾಡುವುದೂ ಇಲ್ಲೇ.

ರೇಸ್ ಕುದುರೆ ಏನು ಕಲಿತು ಬಂದಿದೆ ಅನ್ನುವುದನ್ನು ಒಮ್ಮೆ ಯೋಚಿಸಿ. ನಮ್ಮಲ್ಲಿ ಅವು ಎರಡು ವರ್ಷದ ವಯಸ್ಸಿಗೇ ಓಡಲು ಶುರು ಮಾಡುತ್ತವೆ. ಓಡುವಾಗ ಜಾಕಿ ಲಗಾಮನ್ನು ಗಟ್ಟಿಯಾಗಿ ಹಿಡಿದಿರುತ್ತಾನೆ. ಕುದುರೆ ಆ ಹಿಡಿತದ ಮೇಲೆ ಒರಗಿಕೊಂಡು ಓಡುತ್ತದೆ. ಅದಕ್ಕೆ ಬಾಯಲ್ಲಿ ಭಾರ ಬಿತ್ತು ಅಂದರೆ "ಒರಗು, ಓಡು" ಅಂತ ಅರ್ಥ. ಈಗ ನೀವು ಹೆದರಿ ಎಳೆಯುತ್ತೀರಿ, ಅದು ಕಲಿತದ್ದನ್ನು ಮಾಡುತ್ತದೆ. ನೀವು ಇನ್ನೂ ಎಳೆಯುತ್ತೀರಿ. ಅದು ಇನ್ನೂ ಓಡುತ್ತದೆ. ಕುದುರೆ ಮಾತು ಕೇಳುತ್ತಿಲ್ಲ ಅಂತ ನಮಗೆ ಅನಿಸುತ್ತದೆ. ಪಾಪ, ಅದು ಕೇಳಿಯೇ ಓಡುತ್ತಿದೆ.

ಇನ್ನೊಂದು ವಿಷಯ. ಕುದುರೆಯ ಮೂತಿಯ ನೇರ ಮುಂದೆ ಸ್ವಲ್ಪ ಜಾಗ ಅದಕ್ಕೆ ಕಾಣುವುದಿಲ್ಲ. ಜಂಪ್ ಹತ್ತಿರ ಬಂದಾಗ ಅದು ತಲೆ ಎತ್ತಿ ಇಳಿಸಿ ಅಳತೆ ಮಾಡಬೇಕು. ಕೊನೆಯ ಮೂರು ಹೆಜ್ಜೆಯಲ್ಲಿ ತಲೆ ಕಟ್ಟಿಹಾಕಿದರೆ ಅದಕ್ಕೆ ಅಳತೆಯೂ ಸಿಗುವುದಿಲ್ಲ, ತೂಕ ಸಂಭಾಳಿಸಲು ಕತ್ತೂ ಸಿಗುವುದಿಲ್ಲ. ಆಗ ಹೆದರಿ ಇನ್ನಷ್ಟು ಬೇಗ ಮುಗಿಸಿಬಿಡಲು ನೋಡುತ್ತದೆ.

ಮೊದಲ ಪರೀಕ್ಷೆ ಗಡಿಯಾರದ್ದು. ಬಯಲಲ್ಲಿ ಟೇಪ್ ಹಿಡಿದು 350 ಮೀಟರ್ ಅಳೆದು, ಎರಡು ತುದಿಗೂ ಒಂದೊಂದು ಕೋಲು ನೆಡಿ. ಅದನ್ನು ಸರಿಯಾಗಿ ಒಂದು ನಿಮಿಷದಲ್ಲಿ ಕ್ಯಾಂಟರ್ ಮಾಡಿ ಮುಗಿಸಿ. ಅದು ಷೋಜಂಪಿಂಗ್‌ನ ವೇಗ, ಗಂಟೆಗೆ 21 ಕಿಲೋಮೀಟರ್. ಜಗತ್ತಿನ ಅತಿ ಕಠಿಣ ಐದು ಸ್ಟಾರ್ ಕ್ರಾಸ್‌ಕಂಟ್ರಿಯ ವೇಗವೇ ನಿಮಿಷಕ್ಕೆ 570 ಮೀಟರ್. ಕಲಿಯುವವರಿಗೆ ಅದರ ಹತ್ತಿರ ಹೋಗುವ ಅಗತ್ಯವೇ ಇಲ್ಲ. ಗಡಿಯಾರ ಹಿಡಿದಾಗ ಎರಡರಲ್ಲಿ ಒಂದು ಗೊತ್ತಾಗುತ್ತದೆ. ಕುದುರೆ ನಿಜವಾಗಿಯೂ ವೇಗ ಜಾಸ್ತಿ ಮಾಡುತ್ತಿದೆ, ಅಥವಾ ದೊಡ್ಡ ಹೆಜ್ಜೆಯ ಕುದುರೆ ಸರಿಯಾದ ವೇಗದಲ್ಲೇ ಹೋಗುತ್ತಿದೆ ಮತ್ತು ನಮಗೇ ಅದು ಹೊಸದು. ಎರಡನೆಯದಾದರೆ ತಿದ್ದಬೇಕಾದದ್ದು ನಮ್ಮ ಅಭ್ಯಾಸ. ಹತ್ತು ದಿನ ಆ 350 ಮೀಟರ್ ಓಡಿಸಿದರೆ ಭಯ ಇಳಿಯುತ್ತದೆ.

ವೇಗ ನಿಜವಾಗಿಯೂ ಜಾಸ್ತಿಯಿದ್ದರೆ ಅರೀನಾಕ್ಕೆ ವಾಪಸ್ ಹೋಗಿ. ನೆಲದ ಮೇಲೆ ನಾಲ್ಕು ಕೋಲು, ನಡುವೆ 1.3 ಮೀಟರ್. ಟ್ರಾಟ್‌ನಲ್ಲಿ ದಾಟಿಸಿ. ಕೋಲು ಎಣಿಸಿ ಹೆಜ್ಜೆ ಇಡಬೇಕಾದಾಗ ಕುದುರೆ ತಾನಾಗಿಯೇ ತಲೆ ತಗ್ಗಿಸುತ್ತದೆ. ಅದು ಬೇಸರ ಬರುವಷ್ಟು ಸಲೀಸಾದ ಮೇಲೆ ಕೊನೆಯ ಕೋಲಿನಿಂದ 2.5 ಮೀಟರ್ ದೂರದಲ್ಲಿ ಒಂದು ಸಣ್ಣ ಅಡ್ಡಕೋಲಿನ ಜಂಪ್ ಇಡಿ. ಟ್ರಾಟ್‌ನಲ್ಲಿ ಬಂದು, ಹಾರಿ, ನೇರ ಹೋಗಿ, ಐದಾರು ಹೆಜ್ಜೆಗೆ ನಿಲ್ಲುವುದು. ನಿಂತ ಕೂಡಲೇ ಲಗಾಮು ಪೂರ್ತಿ ಬಿಟ್ಟು ಕುತ್ತಿಗೆ ಸವರಿ. ಹಾರಿದ ಮೇಲೆ ಆರಾಮ ಸಿಗುತ್ತದೆ ಅಂತ ಅದಕ್ಕೆ ತಿಳಿಯಬೇಕು.

ಆಮೇಲೆ ಇದನ್ನೇ ಮೈದಾನಕ್ಕೆ ಒಯ್ಯಿರಿ. ಮೊಣಕಾಲೆತ್ತರದ ದಿಮ್ಮಿ ಸಾಕು. ಮೊದಲು ನಡೆಯುತ್ತಾ ದಾಟಿಸಿ, ಆಮೇಲೆ ಟ್ರಾಟ್. ದಿಮ್ಮಿಯ ಹತ್ತಿರ ದೊಡ್ಡ ದುಂಡು ಸುತ್ತು ಹಾಕುತ್ತಿರಿ. ಕುದುರೆಯ ಉಸಿರು ಇಳಿದು ಕಿವಿ ಸಡಿಲವಾದಾಗ ಮಾತ್ರ ಸುತ್ತಿನಿಂದ ಹೊರಬಂದು ದಾಟಿಸಿ. ಆದರೆ ಒಂದು ಎಚ್ಚರ: ಜಂಪ್‌ನ ನೇರ ಗೆರೆಗೆ ಬಂದ ಮೇಲೆ ತಿರುಗಿಸಬೇಡಿ. ತಿರುಗಿಸಿದರೆ ಪಕ್ಕಕ್ಕೆ ತಪ್ಪಿಸಿಕೊಂಡು ಓಡುವುದನ್ನು ನೀವೇ ಕಲಿಸಿದ ಹಾಗೆ. ಬೇಡ ಅನಿಸಿದರೆ ಗೆರೆಗೆ ಬರುವ ಮೊದಲೇ ನಿರ್ಧರಿಸಿ.

ಕೈಯ ಕೆಲಸ ಹೀಗಿರಲಿ. ಒಂದು ಕ್ಷಣ ಹಿಡಿ, ಒಂದು ಕ್ಷಣ ಬಿಡು. ಬಿಡುವುದೇ ಮುಖ್ಯ, ಒರಗಲು ಗೋಡೆ ಸಿಗದಿದ್ದರೆ ಒರಗುವವರು ತಾವೇ ನೆಟ್ಟಗೆ ನಿಲ್ಲುತ್ತಾರೆ. ಕೊನೆಯ ಮೂರು ಹೆಜ್ಜೆ ಕೈ ಸುಮ್ಮನಿರಲಿ. ಸುಮ್ಮನಿರಲು ಆಗದಿದ್ದರೆ ಹಳೆಯ ಸ್ಟಿರಪ್ (ಕಾಲಿಡುವ ರಿಕಾಪು) ಪಟ್ಟಿಯೊಂದನ್ನು ಕುದುರೆಯ ಕುತ್ತಿಗೆಗೆ ಕಟ್ಟಿ ಅದನ್ನು ಹಿಡಿದುಕೊಳ್ಳಿ. ನನಗೆ ಎಲ್ಲಕ್ಕಿಂತ ಹೆಚ್ಚು ಸಹಾಯ ಮಾಡಿದ್ದು ಆ ಪಟ್ಟಿ.

ಏರು ದಾರಿಯ ಜಂಪ್‌ಗಳನ್ನು ಮೊದಲು ಆರಿಸಿ, ಏರು ತಾನೇ ವೇಗ ಇಳಿಸುತ್ತದೆ. ನೀರಿನೊಳಗೆ ನಡೆಸುವುದೂ, ಸಣ್ಣ ದಿಬ್ಬ ಹತ್ತಿ ಇಳಿಸುವುದೂ ಒಳ್ಳೆಯದು, ಕುದುರೆ ಕಾಲ ಕೆಳಗೆ ನೋಡಲೇಬೇಕಾಗುತ್ತದೆ. ಒಂದು ದಿನಕ್ಕೆ 15 ಜಂಪ್ ಸಾಕು. ಚೆನ್ನಾಗಿ ಆದಾಗ "ಇನ್ನೊಂದು ಸಲ" ಅನ್ನುವ ಆಸೆ ಬರುತ್ತದಲ್ವಾ, ಅಲ್ಲೇ ಇಳಿಯಿರಿ.

ಲಕ್ಷಣ: ಹಾರುವವರೆಗೆ ಸರಿ, ಹಾರಿದ ಮೇಲೆ ಒದೆತ ಅಥವಾ ಓಟ

ನೆಲ ಪರೀಕ್ಷಿಸಿ. ಬೇಸಿಗೆಯಲ್ಲಿ ನಮ್ಮ ಕೆಂಪು ಮಣ್ಣು ಕಾಂಕ್ರೀಟ್ ಆಗುತ್ತದೆ. ಇಳಿಯುವ ಜಾಗಕ್ಕೆ ಚಾಕು ಇಳಿಯದಿದ್ದರೆ ಕುದುರೆಯ ಕಾಲಿಗೂ ಅದು ಕಲ್ಲೇ. ಪ್ರತಿ ಸಲ ಇಳಿದಾಗ ನೋವಾದರೆ ಓಡಿಹೋಗುತ್ತದೆ. ಹಿಂದಿನ ಸಂಜೆ ನೀರು ಹಾಕಿ ಮಣ್ಣು ಕೆದಕಿಸಿ, ಅಥವಾ ಮಳೆ ಬರುವವರೆಗೆ ಜಿಗಿಸಬೇಡಿ.

ಮುಂದಿನದು ಸವಾರ. ಇಳಿಯುವಾಗ ನಾವು ದೊಪ್ಪನೆ ಬೆನ್ನ ಮೇಲೆ ಕೂತರೆ, ಅಥವಾ ಲಗಾಮು ಹಿಡಿದೇ ಹಿಂದೆ ವಾಲಿದರೆ, ಪ್ರತಿ ಜಂಪ್‌ಗೂ ಬೆನ್ನಿಗೂ ಬಾಯಿಗೂ ಪೆಟ್ಟು. ಯಾರಿಂದಾದರೂ ಫೋನಿನಲ್ಲಿ ಪಕ್ಕದಿಂದ ವಿಡಿಯೋ ಮಾಡಿಸಿ ನಿಧಾನ ವೇಗದಲ್ಲಿ ನೋಡಿ. ನನ್ನ ಮೊದಲ ವಿಡಿಯೋ ನೋಡಿದಾಗ ಕುದುರೆಯ ಬಾಯಿ ಅಷ್ಟಗಲ ತೆರೆದಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನೆಲವೂ ಸರಿ, ಸವಾರನೂ ಸರಿ, ಆದರೂ ಇಳಿದ ಮೇಲೆ ಒದೆಯುತ್ತಿದ್ದರೆ ಬೆನ್ನು, ಹಿಂಗಾಲಿನ ಕೀಲುಗಳನ್ನು ಪಶುವೈದ್ಯರು ನೋಡಬೇಕು.

ಲಕ್ಷಣ: ಜೊತೆಯ ಕುದುರೆ ದೂರ ಹೋದರೆ ಕೂಗಾಟ, ಮನೆ ಕಡೆ ತಿರುಗಿದರೆ ಓಟ

ಇದು ಗುಂಪಿನ ಪ್ರಾಣಿಯ ಸಹಜ ಗುಣ. ಶಾಂತವಾದ ವಯಸ್ಸಾದ ಕುದುರೆಯೊಂದನ್ನು ಜೊತೆಗೆ ಕರೆದೊಯ್ಯಿರಿ. ಅದು ಮುಂದೆ ನಿಧಾನವಾಗಿ ಹೋಗಲಿ. ಮೊದಲು 10 ಮೀಟರ್ ದೂರ, ಆಮೇಲೆ 30, ಹೀಗೆ ವಾರಗಳಲ್ಲಿ ಬೆಳೆಸಿ. ಲಾಯದ ದಿಕ್ಕಿಗೆ ಇರುವ ಜಂಪ್‌ಗಳನ್ನು ಸದ್ಯಕ್ಕೆ ಬಿಡಿ. ಮನೆಗೆ ಹೋಗುವಾಗ ಕೊನೆಯ ಅರ್ಧ ಕಿಲೋಮೀಟರ್ ಯಾವಾಗಲೂ ನಡೆದೇ ಹೋಗಬೇಕು, ಬೇಕಾದರೆ ಇಳಿದು ಕೈ ಹಿಡಿದು.

ಕುದುರೆ ಓಡಿಹೋದರೆ ಆ ಕ್ಷಣಕ್ಕೆ

ಇದನ್ನು ಮನೆಯಲ್ಲಿ ಕೂತು ಹತ್ತು ಸಲ ಓದಿ, ಮೈದಾನದಲ್ಲಿ ಯೋಚಿಸಲು ಸಮಯ ಸಿಗುವುದಿಲ್ಲ.

ನೆಟ್ಟಗೆ ಕೂತು ಹಿಮ್ಮಡಿ ಕೆಳಗೆ ಒತ್ತಿ. ಎರಡೂ ಕೈಯಿಂದ ಒಂದೇ ಸಮ ಎಳೆಯಬೇಡಿ, ಅರ್ಧ ಟನ್ ತೂಕದ ಪ್ರಾಣಿ ಗೆಲ್ಲುತ್ತದೆ. ಒಂದು ಕೈಯ ಲಗಾಮು ಗಿಡ್ಡ ಮಾಡಿ ಕತ್ತಿನ ಜೂಲಿನ ಮೇಲೆ ಒತ್ತಿ ಹಿಡಿಯಿರಿ. ಇನ್ನೊಂದು ಕೈಯಿಂದ ಮೇಲಕ್ಕೂ ಹಿಂದಕ್ಕೂ ಒಮ್ಮೆ ಎಳೆದು, ಬಿಡಿ. ಮತ್ತೆ ಎಳೆದು, ಬಿಡಿ. ಜಾಗ ಇದ್ದರೆ ದೊಡ್ಡ ಸುತ್ತಿಗೆ ತಿರುಗಿಸಿ, ಮೆಲ್ಲಗೆ ಸುತ್ತು ಚಿಕ್ಕದು ಮಾಡಿ. ಗ್ಯಾಲಪ್‌ನಲ್ಲಿ ತಟ್ಟನೆ ತಿರುಗಿಸಿದರೆ, ಅದರಲ್ಲೂ ಒದ್ದೆ ಹುಲ್ಲಿನ ಮೇಲೆ, ಕುದುರೆ ಜಾರಿ ನಿಮ್ಮ ಮೇಲೇ ಬೀಳುತ್ತದೆ. ಏರು ಕಂಡರೆ ಅತ್ತ ತಿರುಗಿಸಿ. ನಿಲ್ಲುತ್ತದೆ ಅಂದುಕೊಂಡು ಬೇಲಿಗೋ ಜಂಪ್‌ಗೋ ಎದುರು ಒಯ್ಯಬೇಡಿ. ಅದು ಹಾರಲು ನೋಡಬಹುದು.

ಬಿದ್ದು ತಲೆಗೆ ಪೆಟ್ಟಾದರೆ, ಎಷ್ಟೇ ಚೆನ್ನಾಗಿದ್ದೇನೆ ಅನಿಸಿದರೂ, ಅವತ್ತು ಮತ್ತೆ ಹತ್ತಬೇಡಿ. ಡಾಕ್ಟರಿಗೆ ತೋರಿಸಿ.

ಬಿಟ್ ಬದಲಿಸುವುದು, ಶಾಂತ ಮಾಡುವ ಔಷಧಿ ಕೊಡುವುದು

ಮೇಲಿನದೆಲ್ಲ ಆಗಿ, ಹಲ್ಲು ಬೆನ್ನು ಹೊಟ್ಟೆ ನೋಡಿಸಿ, ಅರೀನಾದಲ್ಲಿ ಟ್ರಾಟ್‌ನಲ್ಲಿ ಶಾಂತವಾಗಿ ಜಿಗಿಯುವ ಕುದುರೆ ಬಯಲಲ್ಲಿ ಮಾತ್ರ ಕೈಗೆ ಭಾರವಾದರೆ ಬಿಟ್ ಬಗ್ಗೆ ಕೋಚ್ ಜೊತೆ ಮಾತಾಡಿ. ನೋವು ಕೊಟ್ಟು ನಿಲ್ಲಿಸುವ ಬಿಟ್ ಎರಡು ವಾರ ಕೆಲಸ ಮಾಡುತ್ತದೆ. ಮೂರನೆಯ ವಾರ ಕುದುರೆ ನೋವಿಗೂ ಓಡಲು ಕಲಿಯುತ್ತದೆ. ನನ್ನದು ಹಾಗೇ ಕಲಿತಿತ್ತು. ಎಷ್ಟೋ ಕುದುರೆಗಳು ಮೃದುವಾದ ಬಿಟ್ ಹಾಕಿದಾಗಲೇ ಹಗುರಾಗುತ್ತವೆ.

ಮಂಪರು ಬರಿಸುವ ಔಷಧಿ ಕೊಟ್ಟು ಎಂದೂ ಜಿಗಿಸಬೇಡಿ. ಕುದುರೆ ಶಾಂತವಾಗಿ ಕಾಣುತ್ತದೆ, ಆದರೆ ಕಾಲು ಎತ್ತುವುದು ತಡವಾಗುತ್ತದೆ. ಬೀಳದ ದಿಮ್ಮಿಯ ಎದುರು ಆ ಒಂದು ಕ್ಷಣವೇ ಸಾಕು. ಸ್ಪರ್ಧೆಗಳಲ್ಲಿ ಇಂಥ ಔಷಧಿ ನಿಷಿದ್ಧ ಕೂಡ.

ಎಷ್ಟು ದಿನ ಕಾಯಬೇಕು

ಮೇವು ಬದಲಿಸಿದ ಪರಿಣಾಮ ಎರಡು ಮೂರು ವಾರದಲ್ಲಿ ಕಾಣಬೇಕು. ಕಲಿತ ಅಭ್ಯಾಸ ಮರೆಯಲು ತಿಂಗಳುಗಳು ಬೇಕು. ಆರು ವಾರ ಪ್ರಾಮಾಣಿಕವಾಗಿ ಮಾಡಿಯೂ ನೋಟ್‌ಬುಕ್‌ನಲ್ಲಿ ಒಂದಿಷ್ಟೂ ಬದಲಾವಣೆ ಇಲ್ಲದಿದ್ದರೆ, ಅಥವಾ ನಿಮಗೇ ಹತ್ತಲು ಭಯವಾಗುತ್ತಿದ್ದರೆ, ನಿಮಗಿಂತ ಅನುಭವ ಇರುವವರ ಕೈಗೆ ಸ್ವಲ್ಪ ದಿನ ಆ ಕುದುರೆಯನ್ನು ಕೊಡಿ. ಹಾಗೆ ಕೊಡುವಾಗ ನೋಟ್‌ಬುಕ್ಕನ್ನೂ ಕೊಡಿ, ಸೈಸ್ ಜೊತೆಗೂ ಅವರನ್ನು ಮಾತಾಡಿಸಿ. ಕುದುರೆ ದಿನಕ್ಕೆ ಒಂದು ಗಂಟೆ ನಮ್ಮ ಜೊತೆ ಇರುತ್ತದೆ. ಉಳಿದ 23 ಗಂಟೆಯಲ್ಲಿ ಅದನ್ನು ನೋಡುವವರು ಆ ಸೈಸೇ.